ಗೋಡೆಯ ಪ್ಯಾರಿಸ್, ಗುತ್ತಿಗೆಯ ಲಂಡನ್

ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್, ಪ್ಯಾರಿಸ್ ಎರಡನ್ನೂ ಕಂಡು ಬರೆದವರಲ್ಲಿ ಅನೇಕರು ಒಂದೇ ಮಾತು ಹೇಳುತ್ತಾರೆ: ಲಂಡನ್ನಿನವನಿಗೆ ತನ್ನ ಮನೆ, ತನ್ನ ಬಾಗಿಲು, ತನ್ನ ಮೆಟ್ಟಿಲೇ ಸರ್ವಸ್ವ, ಪ್ಯಾರಿಸ್ಸಿನವನು ಕೆಫೆ, ಬುಲೆವಾರ್ಡ್, ನಾಟಕಶಾಲೆಗಳಲ್ಲಿ ಬದುಕುವವನು, ಮನೆ ಅವನಿಗೆ ಮಲಗುವ ಜಾಗ ಮಾತ್ರ. ವ್ಯತ್ಯಾಸವೇನೋ ನಿಜ. ಶತಮಾನದ ಕೊನೆಯ ಲೆಕ್ಕಗಳಂತೆ ಲಂಡನ್ನಿನಲ್ಲಿ ಒಂದು ಕಟ್ಟಡಕ್ಕೆ ಸರಾಸರಿ ಸುಮಾರು 8 ಜನರಿದ್ದರೆ ಪ್ಯಾರಿಸ್ಸಿನಲ್ಲಿ ಅದರ ನಾಲ್ಕು ಪಟ್ಟಿಗೂ ಮಿಗಿಲು. ಆದರೆ ಇದಕ್ಕೆ ಜನರ ಸ್ವಭಾವವನ್ನು ಕಾರಣ ಮಾಡುವುದು ಒಪ್ಪತಕ್ಕ ಮಾತಲ್ಲ. ಎರಡೂ ಊರುಗಳ ದಿನನಿತ್ಯದ ಬದುಕನ್ನು ರೂಪಿಸಿದ್ದು ಊರಗೋಡೆ, ಊರಬಾಗಿಲಿನ ಸುಂಕ, ಆಸ್ತಿ ಹಂಚಿಕೆಯ ಕಾನೂನು, ಜಮೀನಿನ ಗುತ್ತಿಗೆ. ಸ್ವಭಾವವೆಂದು ಕಾಣುವುದು ಇವುಗಳ ಹಿಂದೆ ಬಂದದ್ದು. ಐದನೆಯ ಮಹಡಿಯ ಎರಡು ಕೋಣೆಗಳಲ್ಲಿ ಸಂಸಾರ ಹೂಡಿದವನಿಗೆ ಗೆಳೆಯನ ಜೊತೆ ಕೂತು ಮಾತಾಡಬೇಕೆಂದರೆ ಕೆಳಗಿಳಿದು ಕೆಫೆಗೆ ಹೋಗದೆ ಗತಿಯಿರಲಿಲ್ಲ.

ಪ್ಯಾರಿಸ್ಸಿನ ಮನೆ ಹೇಗಿತ್ತೆಂಬುದಕ್ಕೆ ಬರ್ತಾಲ್ ಎಂಬ ವ್ಯಂಗ್ಯಚಿತ್ರಕಾರ 1845ರಲ್ಲಿ ಬರೆದ ಚಿತ್ರಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಐದಂತಸ್ತಿನ ಕಟ್ಟಡವೊಂದರ ಮುಂಗೋಡೆಯನ್ನು ತೆಗೆದುಹಾಕಿ ಒಳಗಿರುವವರನ್ನೆಲ್ಲ ಆತ ಒಮ್ಮೆಗೇ ತೋರಿಸುತ್ತಾನೆ. ನೆಲಮಟ್ಟದಲ್ಲಿ ಬಾಗಿಲು ಕಾಯುವ ಕಾಂಸಿಯೆರ್ಜ್‌ನ ಠಾವು, ಅದರ ಮೇಲಿನ ಮಹಡಿಯಲ್ಲಿ ಬೇಸರ ಹಿಡಿದ ಶ್ರೀಮಂತ ದಂಪತಿ, ಅದಕ್ಕೂ ಮೇಲೆ ಮಕ್ಕಳೊಂದಿಗೆ ಮಧ್ಯಮವರ್ಗದವರು, ಇನ್ನೂ ಮೇಲೆ ಬಾಡಿಗೆ ಕೊಡಲಾಗದ ಬಿಡಾರ, ಸೂರಿನಡಿ ಬಡಪಾಯಿಗಳು. ಲಿಫ್ಟ್ ಇಲ್ಲದ ಕಾಲದಲ್ಲಿ ಮೆಟ್ಟಿಲು ಹೆಚ್ಚಿದಷ್ಟೂ ಬಾಡಿಗೆ ಇಳಿಯುತ್ತಿತ್ತು. ಲಂಡನ್ನಿನಲ್ಲಿ ಒಂದು ಸಂಸಾರಕ್ಕೇ ಒಂದು ಕಟ್ಟಡ, ಅದೂ ಅಗಲ ಕಿರಿದಾಗಿ ಎತ್ತರಕ್ಕೆ ಬೆಳೆದದ್ದು. ನೆಲಮಾಳಿಗೆಯಲ್ಲಿ ಅಡುಗೆಮನೆ, ಅದರ ಮುಂದೆ ಪಾದಚಾರಿ ದಾರಿಯ ಅಡಿಗೇ ಚಾಚಿಕೊಂಡ ಕಲ್ಲಿದ್ದಲ ಕೋಣೆ. ಬೀದಿಯಲ್ಲಿ ನಿಂತೇ ಕಬ್ಬಿಣದ ದುಂಡನೆ ಮುಚ್ಚಳ ಎತ್ತಿ ಮೂಟೆಯನ್ನು ಒಳಕ್ಕೆ ಸುರಿದುಬಿಟ್ಟರೆ ಕಲ್ಲಿದ್ದಲು ಹೊತ್ತವನು ಮನೆಯೊಳಗೆ ಕಾಲಿಡುವ ಪ್ರಮೇಯವೇ ಇಲ್ಲ. ಮೇಲೆ ಊಟದ ಮನೆ, ಅದರ ಮೇಲೆ ಬೈಠಕ್ಕು, ಮಲಗುವ ಕೋಣೆಗಳು, ತುದಿಯಲ್ಲಿ ಕೆಲಸದ ಹೆಣ್ಣುಮಕ್ಕಳು. ಫ್ರಾನ್ಸಿನಲ್ಲಿ ಹುಟ್ಟಿದ ಲೂಯಿ ಸಿಮೋಂ 1810ರ ಸುಮಾರಿಗೆ ಇಂಥ ಮನೆಗಳನ್ನು ಕಂಡು, ಸರಸರನೆ ಮಹಡಿಯಿಂದ ಮಹಡಿಗೆ ಓಡಾಡುವ ಇಲ್ಲಿನವರನ್ನು ಪಂಜರದ ಹಕ್ಕಿಗಳಿಗೆ ಹೋಲಿಸಿದ್ದ.

ಪ್ಯಾರಿಸ್ ಹೀಗೆ ಮೇಲಕ್ಕೆ ಬೆಳೆದದ್ದಕ್ಕೆ ಮೊದಲ ಕಾರಣ ಗೋಡೆ. 1190ರ ಹೊತ್ತಿಗೆ ಫಿಲಿಪ್ ಆಗಸ್ಟಸ್ ಕೋಟೆ ಕಟ್ಟಲು ಶುರುಮಾಡಿದ. ಹದಿನಾಲ್ಕನೆಯ ಶತಮಾನದಲ್ಲಿ ಐದನೆಯ ಚಾರ್ಲ್ಸ್ ಅದನ್ನು ಉತ್ತರಕ್ಕೆ ಹಿಗ್ಗಿಸಿದ. ಹದಿನಾಲ್ಕನೆಯ ಲೂಯಿ 1670ರಲ್ಲಿ ಕೋಟೆಯನ್ನು ಕೆಡವಿಸಿ ಆ ಜಾಗದಲ್ಲಿ ಬುಲೆವಾರ್ಡ್ ಮಾಡಿಸಿದನಾದರೂ ಊರು ಬಯಲಾಗಿ ಉಳಿಯಲಿಲ್ಲ. 1784ರಿಂದ ತೆರಿಗೆ ಗುತ್ತಿಗೆದಾರರು ಹೊಸ ಗೋಡೆ ಎಬ್ಬಿಸಿದರು. ಶತ್ರುವನ್ನು ತಡೆಯುವುದು ಅದರ ಕೆಲಸವಾಗಿರಲಿಲ್ಲ. ಊರೊಳಗೆ ಬರುವ ದ್ರಾಕ್ಷಾರಸ, ಮಾಂಸ, ಸೌದೆಗೆಲ್ಲ ಸುಂಕ ಎತ್ತುವುದೇ ಅದರ ಕೆಲಸ. ನಮ್ಮ ಊರುಗಳ ಹಿರಿಯರಿಗೂ ಆಕ್ಟ್ರಾಯ್ ಎಂಬ ಹೆಸರಿನಲ್ಲೇ ನೆನಪಿರುವ ಸುಂಕ ಇದು. ಜನ ಇದನ್ನು ಎಷ್ಟು ದ್ವೇಷಿಸಿದರೆಂದರೆ 1789ರ ಜುಲೈನಲ್ಲಿ, ಬಾಸ್ಟೀಲ್ ಬೀಳುವುದಕ್ಕೂ ಮೊದಲೇ, ಸುಂಕದ ಕಟ್ಟೆಗಳಿಗೆ ಬೆಂಕಿ ಬಿತ್ತು. 1791ರಲ್ಲಿ ರದ್ದಾದ ಸುಂಕ 1798ರಲ್ಲಿ ಮರಳಿ ಬಂದು 1943ರವರೆಗೂ ನಿಂತಿತು. ಗೋಡೆಯಾಚೆ ಎಲ್ಲವೂ ಅಗ್ಗವೆಂದ ಮೇಲೆ ಜನ ಆಚೆಗೇ ಹೋಗಬೇಕಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಹೋದರು, ಬೆಲ್‌ವಿಲ್‌ನಂಥ ಹಳ್ಳಿಗಳು ತುಂಬಿದ್ದೇ ಹಾಗೆ. ಆದರೆ ಕೂಲಿ ಇದ್ದದ್ದು ಒಳಗೆ, ಕೂಲಿಗೆ ಹೋಗಬೇಕಾದದ್ದು ನಡೆದು. 1841ರಿಂದ 1844ರ ನಡುವೆ, ಪ್ರಧಾನಿಯಾಗಿದ್ದ ತಿಯೇರ್ ಹಾಕಿದ ಯೋಜನೆಯಂತೆ, ಇನ್ನೊಂದು ಕೋಟೆ ಎದ್ದು, ಅದರಾಚೆ 250 ಮೀಟರ್ ಪಟ್ಟಿಯಲ್ಲಿ ಕಟ್ಟಡ ಕಟ್ಟಕೂಡದೆಂದು ಸೇನೆ ನಿಷೇಧ ಹಾಕಿತು; 1860ರ ಜನವರಿ 1ರಂದು ಆ ಕೋಟೆಯವರೆಗಿನ ಹಳ್ಳಿಗಳೆಲ್ಲ ಊರಿಗೆ ಸೇರಿ ಅವುಗಳಿಗೂ ಸುಂಕ ಅಂಟಿತು. ಆಸ್ತಿಯ ಕಾನೂನೂ ಇದಕ್ಕೆ ಕೈಜೋಡಿಸಿತ್ತು. ಸಾಮಾನ್ಯ ಜನರ ಆಸ್ತಿ ಮಕ್ಕಳಲ್ಲಿ ಸಮಪಾಲಾಗಬೇಕೆಂಬುದು ಪ್ಯಾರಿಸ್ ಸೀಮೆಯ ಹಳೆಯ ಕಟ್ಟಳೆ. 1804ರ ನೆಪೋಲಿಯನ್ ಸಂಹಿತೆ ಅದನ್ನು ದೇಶಕ್ಕೆಲ್ಲ ಹಬ್ಬಿಸಿತು. ಹೀಗೆ ಹರಿದು ಹಂಚಿಹೋದ ನಿವೇಶನದಲ್ಲಿ ಒಡೆಯನಿಗೆ ಆದಾಯ ಬೇಕಿದ್ದರೆ ಮಹಡಿಯ ಮೇಲೆ ಮಹಡಿ ಹಾಕಿ ಬಾಡಿಗೆಗೆ ಬಿಡುವುದೇ ದಾರಿ. ಓಸ್ಮಾನ್ 1853ರಲ್ಲಿ ಪ್ರಿಫೆಕ್ಟನಾಗಿ, ಅಂದರೆ ಸರಕಾರದ ಆಡಳಿತಾಧಿಕಾರಿಯಾಗಿ, ಬಂದು ಈ ಮನೆಗಳಿಗೆ ಒಂದೇ ಸಮನೆ ಮುಖ ಕೊಟ್ಟ; ಮನೆಯ ಮೇಲೆ ಮನೆ ಪೇರಿಸುವ ರೂಢಿ ಅವನಿಗಿಂತ ಬಹಳ ಹಳೆಯದು.

ಲಂಡನ್ನಿಗೂ ಕೋಟೆಯಿತ್ತು, ರೋಮನ್ನರ ಕಾಲದ್ದು. ಊರು ಅದನ್ನು ಬಹು ಹಿಂದೆಯೇ ದಾಟಿತ್ತು. ಊರಬಾಗಿಲಿನಿಂದ ಮೂರು ಮೈಲಿಯೊಳಗೆ ಹೊಸ ಮನೆ ಕಟ್ಟಕೂಡದೆಂದು ಎಲಿಜಬೆತ್ ರಾಣಿ 1580ರಲ್ಲಿ ಸಾರಿದರೂ ಕಟ್ಟುವವರು ಕಟ್ಟುತ್ತಲೇ ಹೋದರು. ಮುಂದೆ ಅವರಿಗೆ ಹಾಕಿದ ದಂಡವೇ ದೊರೆಗಳಿಗೆ ಒಂದು ವರಮಾನವಾಯಿತು. ಗೋಡೆ ಇಲ್ಲದ ಕಡೆ ಬರೀ ಆಜ್ಞೆ ಊರನ್ನು ಕಟ್ಟಿಹಾಕಲಾರದು. ಇನ್ನು ಸುತ್ತಲ ಜಮೀನು ಹಿರಿಯ ಮಗನಿಗೇ ಇಡಿಯಾಗಿ ಹೋಗುವ ಇಂಗ್ಲಿಷ್ ಪದ್ಧತಿಯಿಂದಾಗಿ ಕೆಲವೇ ಮನೆತನಗಳ ಕೈಯಲ್ಲಿ ತುಂಡಾಗದೆ ಉಳಿದಿತ್ತು. 1677ರಲ್ಲಿ ಸರ್ ಥಾಮಸ್ ಗ್ರೋವ್‌ನರ್‌ನನ್ನು ಮದುವೆಯಾದಾಗ ಮೇರಿ ಡೇವಿಸ್‌ಗೆ 12 ವರ್ಷ. ಆ ಹುಡುಗಿಯ ಜೊತೆಗೆ ಬಂದ ಸುಮಾರು 500 ಎಕರೆ ಹುಲ್ಲುಗಾವಲು, ಜೌಗುನೆಲವೇ ಮುಂದೆ ಮೇಫೇರ್, ಬೆಲ್ಗ್ರೇವಿಯಾ ಆದದ್ದು. ಒಡೆಯರು ನೆಲ ಮಾರುತ್ತಿರಲಿಲ್ಲ, ಗುತ್ತಿಗೆಗೆ ಕೊಡುತ್ತಿದ್ದರು. ಅವಧಿ ಬರಬರುತ್ತ 99 ವರ್ಷಕ್ಕೆ ನಿಂತಿತು. ಕಟ್ಟಡದ ಮೇಸ್ತ್ರಿ ಮೊದಲ ವರ್ಷ ಒಂದು ಮೆಣಸಿನಕಾಳಿನಷ್ಟು ಹೆಸರಿಗೆ ಮಾತ್ರದ ಬಾಡಿಗೆ ಕೊಟ್ಟು, ಗೋಡೆ ಸೂರು ಎಬ್ಬಿಸಿ, ನೆಲಬಾಡಿಗೆ ಬಿಗಿಯಾಗುವುದರೊಳಗೆ ಗುತ್ತಿಗೆಯನ್ನು ಗಿರಾಕಿಗೆ ದಾಟಿಸಿಬಿಡುತ್ತಿದ್ದ. ಬೇಗ ಕಟ್ಟಬೇಕು, ಕಡಿಮೆ ಬಂಡವಾಳದಲ್ಲಿ ಕಟ್ಟಬೇಕು, ಒಂದೊಂದಾಗಿ ಮಾರಬೇಕು. ಅವಧಿ ಮುಗಿದ ದಿನ ಮನೆಯೂ ನೆಲದೊಡೆಯನ ಪಾಲೇ ಆಗುವುದರಿಂದ ಶತಮಾನಗಳು ಬಾಳುವ ಹಾಗೆ ದಪ್ಪ ಗೋಡೆ ಕಟ್ಟುವ ಗೋಜಿಗೆ ಅವನೇಕೆ ಹೋದಾನು? ಈ ಲೆಕ್ಕಾಚಾರಕ್ಕೆ ಹೇಳಿ ಮಾಡಿಸಿದ್ದು ಸಾಲುಮನೆ. 1851ರಲ್ಲಿ ಪ್ಯಾರಿಸ್ಸಿನ ಎರಡು ಪಟ್ಟಿಗೂ ಮಿಗಿಲಾಗಿ 23 ಲಕ್ಷ ದಾಟಿದ್ದ ಲಂಡನ್ನಿನ ಜನ ನೆಲೆಸಿದ್ದು ಹೀಗೆ ಹಬ್ಬುತ್ತ ಹೋದ ಸಾಲುಗಳಲ್ಲಿ.

ಆದರೂ ಮನೆಯ ಮೇಲಿನ ಇಂಗ್ಲಿಷರ ಮಮತೆಯೇ ಈ ಕಾನೂನುಗಳನ್ನು ಹುಟ್ಟಿಸಿರಬಹುದಲ್ಲ ಎಂಬ ವಾದವಿದೆ. ಇದಕ್ಕೆ ಎಡಿನ್‌ಬರೋ ಉತ್ತರ ಕೊಡುತ್ತದೆ. ಅದೇ ದ್ವೀಪ, 1603ರಿಂದ ಅದೇ ದೊರೆ, ಅದೇ ಚಳಿ ಮಳೆ, ಪ್ರೊಟೆಸ್ಟೆಂಟ್ ಧರ್ಮ. ಹಾಗಿದ್ದೂ ಅಲ್ಲಿನವರು ಪ್ಯಾರಿಸ್ಸಿನವರ ಹಾಗೆ ಒಂದೇ ಮೆಟ್ಟಿಲ ಸುತ್ತ ಮಹಡಿ ಮಹಡಿಗಳಲ್ಲಿ, ಮೇಲೂ ಕೆಳಗೂ ಬೇರೆಬೇರೆ ಅಂತಸ್ತಿನ ನೆರೆಯವರನ್ನಿಟ್ಟುಕೊಂಡು ಬದುಕಿದರು. ಅಲ್ಲಿ ಬೆಟ್ಟದ ಏಣಿನ ಮೇಲಿನ ಇಕ್ಕಟ್ಟಾದ ಊರನ್ನು ಕೋಟೆ ಬಿಗಿಹಿಡಿದಿತ್ತು. ಸ್ಕಾಟ್ಲೆಂಡಿನ ಫ್ಯೂ ಪದ್ಧತಿಯಲ್ಲಿ ನೆಲದೊಡೆಯನಿಗೆ ಶಾಶ್ವತವಾಗಿ ವರ್ಷವರ್ಷವೂ ಕಟ್ಟಬೇಕಾದ ಹಣ ಹೆಚ್ಚು, ಅದನ್ನು ಹಲವು ಸಂಸಾರಗಳ ಮೇಲೆ ಹಂಚದೆ ಗಿಟ್ಟುತ್ತಿರಲಿಲ್ಲ. ಸ್ವಭಾವದ ಸಿದ್ಧಾಂತಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ನನಗೆ ತೋರುತ್ತಿಲ್ಲ.

ಗೋಡೆ ಬಿದ್ದ ಮೇಲೂ ಪ್ಯಾರಿಸ್ ಬದಲಾಗಲಿಲ್ಲವೇಕೆ ಎಂಬುದು ಇನ್ನೊಂದು ಆಕ್ಷೇಪ. ತಿಯೇರ್ ಕೋಟೆಯನ್ನು 1919ರಿಂದ 1929ರ ನಡುವೆ ಕೆಡವಿದ್ದು ಹೌದು. ಅಷ್ಟರೊಳಗೆ ಗೋಡೆಯ ಕೆಲಸವನ್ನು ರೈಲು ವಹಿಸಿಕೊಂಡಿತ್ತು. 1900ರಲ್ಲಿ ಶುರುವಾದ ಮೆಟ್ರೋವನ್ನು ಊರಿನ ಆಡಳಿತ ತನ್ನ ಗಡಿಯೊಳಗೇ ಇಟ್ಟುಕೊಂಡಿತು. ದೊಡ್ಡ ರೈಲು ಕಂಪನಿಗಳ ಬಂಡಿಗಳು ನುಗ್ಗದಂತೆ ಸುರಂಗಗಳನ್ನೇ ಕಿರಿದು ಮಾಡಿಸಿತು. ಮೆಟ್ರೋ ಗಡಿ ದಾಟಿದ್ದು 1934ರಲ್ಲಿ. ಲಂಡನ್ನಿನ ನೆಲದಡಿಯ ರೈಲು 1863ರಲ್ಲಿ ಹೊರಟಿದ್ದು, ಮುಂದೆ ಹೊಲಗದ್ದೆಗಳತ್ತ ಸಾಗಿ ಅಲ್ಲೆಲ್ಲ ಮನೆಗಳ ಸಾಲನ್ನು ಹಬ್ಬಿಸಿತು. ಇಂದಿಗೂ ಪ್ಯಾರಿಸ್ ನಗರಸಭೆಯ ಎಲ್ಲೆ ಸುಮಾರು 105 ಚದರ ಕಿಲೋಮೀಟರ್, ಅಷ್ಟರಲ್ಲೇ 20 ಲಕ್ಷಕ್ಕೂ ಹೆಚ್ಚು ಜನ. 1973ರಲ್ಲಿ ಮುಗಿದ ವರ್ತುಲ ರಸ್ತೆ ಓಡುವುದು ತಿಯೇರ್ ಕೋಟೆಯ ಜಾಡಿನಲ್ಲೇ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬಡವರ ಕಡೆಯಿಂದ ಬರುತ್ತದೆ. ಸಂಸಾರಕ್ಕೊಂದು ಮನೆ ಎಂಬುದು ಲಂಡನ್ನಿನ ಉಳ್ಳವರ ಮಾತು. ಪೂರ್ವ ಭಾಗದಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ ತುರುಕಿಕೊಂಡಿತ್ತು. ಇದನ್ನು ಒಪ್ಪಲೇಬೇಕು. ಆದರೆ ಒಂದು ಸಂಸಾರಕ್ಕೆಂದು ಕಟ್ಟಿದ ಮನೆಯನ್ನು ನಾಲ್ಕಾರು ಸಂಸಾರಗಳು ಹಂಚಿಕೊಂಡಾಗಿನ ಕಷ್ಟವೇ ಬೇರೆ: ಒಂದೇ ನಲ್ಲಿ, ಒಂದೇ ಕಕ್ಕಸು, ಅಡುಗೆಗೆ ಕೋಣೆಯ ಅಗ್ಗಿಷ್ಟಿಕೆ. 1864ರಲ್ಲಿ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಪೀಬಡಿ ದತ್ತಿಯವರು ಬಡವರಿಗಾಗಿ ಮಹಡಿ ಮನೆಗಳನ್ನು ಕಟ್ಟಿದ್ದು ಈ ಕಷ್ಟಕ್ಕೆ ಉತ್ತರವಾಗಿಯೇ. ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣಕ್ಕಾಗಿ ಬಡವರ ಮನೆಗಳನ್ನು ಕೆಡವಲಿದ್ದ ಗ್ರೇಟ್ ಈಸ್ಟರ್ನ್ ಕಂಪನಿ ಕೂಲಿಕಾರರಿಗೆ ಅಗ್ಗದ ರೈಲು ಓಡಿಸಬೇಕೆಂದು ಅದೇ ವರ್ಷ ಪಾರ್ಲಿಮೆಂಟ್ ವಿಧಿಸಿತು. ಮನೆ ಕಳೆದುಕೊಂಡ ಕೂಲಿಕಾರನಿಗೂ ಲಂಡನ್ ಕೊಟ್ಟ ಪರಿಹಾರ ಊರಾಚೆಯ ಇನ್ನೊಂದು ಸಾಲುಮನೆಯೇ.

ಬರ್ತಾಲ್‌ನ ಚಿತ್ರದಲ್ಲಿ ಬಡವ ಬಲ್ಲಿದರು ಒಂದೇ ಮೆಟ್ಟಿಲು ಹತ್ತುತ್ತಿದ್ದರೆಂದು ಪ್ಯಾರಿಸ್ಸನ್ನು ಹೊಗಳುವವರಿದ್ದಾರೆ. ಓಸ್ಮಾನನ ಅಗಲ ಬೀದಿಗಳು ಬಾಡಿಗೆ ಏರಿಸಿ ಆ ಮೇಲಿನ ಮಹಡಿಯವರನ್ನು ಬೆಲ್‌ವಿಲ್‌ನತ್ತ ದಬ್ಬಿದ್ದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಊರಗೋಡೆಯಿಲ್ಲದ ಲಂಡನ್ ಮುಕ್ತ ನಗರವೆಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಬ್ಲೂಮ್ಸ್‌ಬರಿಯ ಬೆಡ್‌ಫರ್ಡ್ ಡ್ಯೂಕನ ಜಮೀನಿನ ಬೀದಿಗಳಿಗೆ ಕಬ್ಬಿಣದ ಗೇಟುಗಳಿದ್ದವು. ಸಮವಸ್ತ್ರದ ಕಾವಲುಗಾರರು ಸರಕಿನ ಬಂಡಿಗಳನ್ನೂ ದನಗಳನ್ನೂ ಅಲ್ಲೇ ತಡೆದು ಹಿಂದಕ್ಕೆ ಕಳಿಸುತ್ತಿದ್ದರು. ಪ್ಯಾರಿಸ್ಸಿನ ಸುಂಕದ ಕಟ್ಟೆ ಸರಕಾರದ್ದಾದ್ದರಿಂದ ಅದರ ಮೇಲೆ ಜನ ದಂಗೆ ಏಳಬಹುದಿತ್ತು. ಲಂಡನ್ನಿನ ಗೇಟು ಖಾಸಗಿ ಹಕ್ಕಿನ ಆಸರೆಯಲ್ಲಿ ನಿಂತದ್ದರಿಂದ ಅದನ್ನು ತೆಗೆಸಲು 1890ರಲ್ಲಿ ಒಂದು, 1893ರಲ್ಲಿ ಇನ್ನೊಂದು ಕಾಯಿದೆ ಬೇಕಾಯಿತು.