ಹಿತ್ತಲಲ್ಲಿ ಕಟ್ಟಿದ ಗಾಡಿ, ಹರಿಹರದ ಲೇತು

ಮನೆಯ ಹಿತ್ತಲಲ್ಲಿ ಗಾಡಿ ಕಟ್ಟುವುದು ಒಂದು ಕಾಲಕ್ಕೆ ನಮ್ಮ ಕಡೆ ಯಾರೂ ನಿಂತು ನೋಡುವಂಥ ಸಂಗತಿಯಾಗಿರಲಿಲ್ಲ. ಬಡಗಿ ಮರ ಕೊಯ್ದು ಗುಂಬ, ಅರೆಕಾಲು ಮಾಡುತ್ತಿದ್ದ. ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಚಕ್ರದ ಸುತ್ತ ತೊಡಿಸಿ ನೀರು ಹೊಯ್ಯುತ್ತಿದ್ದ. ಕಬ್ಬಿಣ ತಣಿದು ಕುಗ್ಗುತ್ತಾ ಮರದ ಕೂಡುಗಳನ್ನೆಲ್ಲ ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಚಕ್ರ ಎಷ್ಟು ಎತ್ತರ, ಅಚ್ಚು ಎಷ್ಟು ದಪ್ಪ ಎಂಬುದನ್ನು ಆ ಊರಿನ ನೆಲ ಮತ್ತು ಹೊರೆ ತೀರ್ಮಾನಿಸುತ್ತಿದ್ದವು. ಅವನ ವಿನ್ಯಾಸವನ್ನು ಯಾವ ಕಚೇರಿಯೂ ಪರೀಕ್ಷೆ ಮಾಡುತ್ತಿರಲಿಲ್ಲ. ಗಾಡಿ ಮುರಿದರೆ ಊರವರು ಅವನನ್ನೇ ಕೇಳುತ್ತಿದ್ದರು, ಅಷ್ಟೆ.

ಇವತ್ತು ದಾವಣಗೆರೆಯಲ್ಲೋ ಹರಿಹರದಲ್ಲೋ ಯಾರಾದರೂ ಮನೆಯ ಶೆಡ್ಡಿನಲ್ಲಿ ಹಳೆಯ ಜೀಪೊಂದನ್ನು ಬಿಚ್ಚಿಟ್ಟು, ಹಿಂದಿನ ಅರ್ಧ ಬಾಡಿ ತೆಗೆದು, ಚಾಸಿಸ್ ಉದ್ದ ಮಾಡಿ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಪಿಕಪ್ ಕಟ್ಟಲು ಹೊರಟರೆ ಮಾಡುವುದು ಹೆಚ್ಚುಕಡಿಮೆ ಅದೇ ಕೆಲಸ. ನೆಲ ನೋಡಿ, ಹೊರೆ ನೋಡಿ, ಕೈಗೆ ಸಿಕ್ಕ ಸಾಮಾನಿನಲ್ಲಿ ಗಾಡಿ ಕಟ್ಟುವುದು. ಆದರೆ ಕಾನೂನಿನ ಲೆಕ್ಕದಲ್ಲಿ ಅವನು ಗಾಡಿ ಕಟ್ಟಿದವನಲ್ಲ, ಕಂಪನಿ ಕಟ್ಟಿದ ಗಾಡಿಯನ್ನು ಕೆಡಿಸಿದವನು. ಬಡಗಿಯ ಹಿತ್ತಲಿನಿಂದ ಈ ಶೆಡ್ಡಿನವರೆಗೆ ಏನೇನು ನಡೆಯಿತು ಎಂಬುದನ್ನು ತಿಳಿಯಲು ಈ ಎರಡು ಊರುಗಳು ಒಳ್ಳೆಯ ಜಾಗ. ಒಂದು ಊರು ಲೇತು ಮಾಡಿತು; ಇನ್ನೊಂದು, ಹೆದ್ದಾರಿಯ ಬದಿಯಲ್ಲಿ ಕೂತು, ಲಾರಿಗಳನ್ನು ರಿಪೇರಿ ಮಾಡಿತು.

ಮೊದಲು ಚಾಸಿಸ್. ಅದು ಬಂದದ್ದು ಯುದ್ಧದಿಂದ. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಯುದ್ಧ ಮುಗಿದ ಮೇಲೆ ಏಷ್ಯಾದ ಉದ್ದಗಲಕ್ಕೂ ಅವು ಮಿಲಿಟರಿಯ ಮಿಗತೆಯಾಗಿ ಹರಾಜಿಗೆ ಬಂದವು. 1945ರಲ್ಲಿ ಶುರುವಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ, ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರು ಬದಲಿಸಿಕೊಂಡು, ಆ ದಶಕ ಮುಗಿಯುವುದರೊಳಗೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಜೀಪಿನ ಗುಣವೆಂದರೆ ಅದನ್ನು ಬಿಚ್ಚಬಹುದು. ಏಣಿಯಂಥ ಎರಡು ಉಕ್ಕಿನ ತೊಲೆ, ಅದರ ಕೆಳಗೆ ಸ್ಪ್ರಿಂಗ್ ಪ್ಲೇಟು, ಮೇಲೆ ಬೋಲ್ಟಿನಲ್ಲಿ ಕೂತ ಬಾಡಿ. ಬಾಡಿ ಎತ್ತಿದರೂ ಗಾಡಿ ಓಡುತ್ತದೆ. ಇಂದಿನ ಬಹುತೇಕ ಕಾರುಗಳಲ್ಲಿ ಬಾಡಿಯೇ ಚಾಸಿಸ್. ಅದನ್ನು ಕತ್ತರಿಸಿದರೆ ಕೈಯಲ್ಲಿ ಉಳಿಯುವುದು ತಗಡು. ಎತ್ತಿನ ಗಾಡಿ ಕಟ್ಟುವವನಿಗೆ ಅರ್ಥವಾಗಬಹುದಾಗಿದ್ದ ಮೋಟಾರು ಗಾಡಿ ಎಂದರೆ ಜೀಪೇ ಇರಬೇಕು.

ಅದು ಇಲ್ಲಿ ಬೇಕಾಗಿದ್ದಕ್ಕೆ ಕಾರಣ ನೆಲ. ಈಗ ಆಫ್-ರೋಡ್ ಎಂದರೆ ಭಾನುವಾರ ಗುಡ್ಡ ಹತ್ತುವ ಶೋಕಿ ಎಂಬ ಭಾವನೆಯಿದೆ. ಎರೆಹೊಲದಲ್ಲಿ ಮಳೆ ಬಿದ್ದ ಮಾರನೆಯ ದಿನ ನಡೆದವರಿಗೆ ಹಾಗನ್ನಿಸುವುದಿಲ್ಲ. ಕಾಲಿಗೆ ಅಂಟಿದ ಮಣ್ಣು ಹೆಜ್ಜೆಗೊಂದು ಪದರ ಏರುತ್ತದೆ. 1960ರ ದಶಕದಲ್ಲಿ ಭದ್ರಾ ಅಣೆಕಟ್ಟು ಪೂರ್ತಿಯಾಗಿ ನಾಲೆಯ ನೀರು ದಾವಣಗೆರೆ, ಹರಿಹರದ ಕಡೆ ಹರಿದ ಮೇಲೆ ಹತ್ತಿ, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಚನ್ನಗಿರಿಯ ಕಡೆ ಅಡಿಕೆ ತೋಟ. ವರ್ಷದಲ್ಲಿ ಹಲವು ತಿಂಗಳು ಒದ್ದೆಯಾಗಿರುವ ದಾರಿಗಳಲ್ಲಿ ಗೊಬ್ಬರ, ಗೊನೆ, ಮೂಟೆ ಸಾಗಬೇಕು. ಹಿಂದಿನ ಎರಡೇ ಚಕ್ರ ತಳ್ಳುವ ಗಾಡಿ ಅಲ್ಲಿ ಹೂತುಕೊಳ್ಳುತ್ತದೆ.

ಈಗ ಹರಿಹರದ ಮಾತು. ಪಾಠಪುಸ್ತಕದ ಹರಿಹರ 1224ರ ಹೊಯ್ಸಳ ದೇವಾಲಯದ ಹರಿಹರ. ಅದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾದದ್ದು ನಮ್ಮ ಸಾಹಿತ್ಯದ ಚರಿತ್ರೆಯಲ್ಲಂತೂ ಹೋಗಲಿ, ಕೈಗಾರಿಕೆಯ ಚರಿತ್ರೆಯಲ್ಲೂ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆಗ ಹರಿಹರ ಗಡಿಯ ಊರು. ತುಂಗಭದ್ರೆಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಪುಣೆ–ಬೆಂಗಳೂರು ರೈಲು ಹಾಯುವ ಜಾಗ. ಯುದ್ಧದಿಂದಾಗಿ ಹೊರದೇಶದ ಯಂತ್ರಗಳು ಬರುವುದು ದುಸ್ತರವಾಗಿದ್ದ ಹೊತ್ತಿನಲ್ಲಿ ಇಲ್ಲಿ ಯಂತ್ರ ಮಾಡುವ ಯಂತ್ರಗಳು, ಮುಖ್ಯವಾಗಿ ಲೇತುಗಳು, ತಯಾರಾಗತೊಡಗಿದವು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಾಪುರ ಎಂಬ ಹೆಸರೇ ಆಯಿತು.

ಈ ಕಂಪನಿಯ ಬೇರು ಹುಡುಕಿದರೆ ಮತ್ತೆ ಒಂದು ಸಣ್ಣ ಅಂಗಡಿಗೇ ಹೋಗಿ ನಿಲ್ಲುತ್ತೇವೆ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬಯಿಗೆ ಹೋದದ್ದು ಚಿತ್ರಕಲೆ ಕಲಿಯಲು. ಬಣ್ಣಗುರುಡು ಇದೆ ಎಂದು ತಿಳಿದು, ಬಣ್ಣ ಬೇಡದ ಯಂತ್ರಗಳ ನಕಾಶೆ ಬಿಡಿಸುವುದಕ್ಕೆ ತಿರುಗಿದರು. ಬೆಳಗಾವಿಗೆ ಮರಳಿ ಸೈಕಲ್ ಮಾರಿದರು, ರಿಪೇರಿ ಮಾಡಿದರು. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ನೆಲಕ್ಕೆ ವಿಷ ಎಂದು ರೈತರು ನಂಬಿದ್ದರಿಂದ ಆ ನೇಗಿಲುಗಳು ಬಹಳ ಕಾಲ ಮಾರಾಟವಾಗದೆ ಕೂತಿದ್ದವು. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟು ಕಿರ್ಲೋಸ್ಕರ್‌ವಾಡಿ ಆಯಿತು. ಹರಿಹರದ ಕಾರ್ಖಾನೆ ಆ ಮನೆತನದ ಮುಂದಿನ ತಲೆಮಾರಿನದು. ಸೈಕಲ್ ರಿಪೇರಿಯಿಂದ ಲೇತಿನವರೆಗೆ ಬಂದ ಈ ದಾರಿಯಲ್ಲಿ ಯಾವ ಹಂತದಲ್ಲಾದರೂ ಒಬ್ಬ ಅಧಿಕಾರಿ ಬಂದು "ನೀನು ತಯಾರಕನೋ, ರಿಪೇರಿಯವನೋ" ಎಂದು ಕೇಳಿದ್ದರೆ ಏನು ಉತ್ತರ ಹೇಳಬಹುದಿತ್ತು?

ಲೇತಿಗೂ ಹಿತ್ತಲಿನ ಪಿಕಪ್ಪಿಗೂ ಏನು ನಂಟು ಎಂದು ಕೇಳಬಹುದು. ಯುದ್ಧಕಾಲದ ಜೀಪಿನ ಎರಡು ಅಚ್ಚುಗಳ ನಡುವಿನ ಅಂತರ 80 ಇಂಚು. ಹಿಂದೆ ಹೊರೆ ಹೊರುವ ತೊಟ್ಟಿ ಕೂರಿಸಬೇಕಾದರೆ ಅದು ಸಾಲದು. ಚಾಸಿಸ್ಸಿನ ತೊಲೆಯನ್ನು ಕತ್ತರಿಸಿ, ನಡುವೆ ತುಂಡು ಸೇರಿಸಿ, ಒಳಗಿನಿಂದ ಇನ್ನೊಂದು ತಟ್ಟೆ ಕೊಟ್ಟು ವೆಲ್ಡ್ ಮಾಡುತ್ತಾರೆ. ಒಳ್ಳೆಯ ಕೈಯವರು ನೇರ ಅಡ್ಡಕ್ಕೆ ಕತ್ತರಿಸುವುದಿಲ್ಲ, ಓರೆಯಾಗಿ ಕತ್ತರಿಸುತ್ತಾರೆ. ಬೆಸುಗೆಯ ಗೆರೆ ಉದ್ದವಾದಷ್ಟೂ ಭಾರ ಒಂದೇ ಕಡೆ ಬೀಳುವುದಿಲ್ಲ. ಇಷ್ಟನ್ನು ವೆಲ್ಡಿಂಗ್ ಬಲ್ಲವರು ಮಾಡಿಯಾರು. ತೊಡಕು ಇರುವುದು ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿಗೆ ತಿರುಗುವಿಕೆಯನ್ನು ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನಲ್ಲಿ. ಅಚ್ಚು ಹಿಂದಕ್ಕೆ ಹೋದಷ್ಟೂ ಈ ಕೊಳವೆ ಉದ್ದವಾಗಬೇಕು. ಆ ಜೀಪಿನ ಅಚ್ಚಿನಲ್ಲಿ ಹಲ್ಲುಗಳ ಪ್ರಮಾಣ 4.88, ಅಂದರೆ ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಶಾಫ್ಟು ಹೆಚ್ಚುಕಡಿಮೆ ಐದು ಸುತ್ತು ಹಾಕಿರುತ್ತದೆ. ಕೊಳವೆಯ ಎರಡು ತುದಿ ಒಂದೇ ನೇರದಲ್ಲಿ ಇಲ್ಲದಿದ್ದರೆ ಗಾಡಿ ವೇಗ ಹಿಡಿದೊಡನೆ ನಡುಗತೊಡಗುತ್ತದೆ. ಜಾಯಿಂಟು ತಿಂದುಹೋಗುತ್ತದೆ, ಕೆಲವೊಮ್ಮೆ ಶಾಫ್ಟು ಕಳಚಿ ನೆಲಕ್ಕೆ ಕುತ್ತುತ್ತದೆ. ಕಣ್ಣಳತೆಯಲ್ಲಿ ಆಗುವ ಕೆಲಸವಲ್ಲ ಇದು. ಲೇತಿನ ಎರಡು ಮೊನೆಗಳ ನಡುವೆ ಕೊಳವೆಯನ್ನು ಹಿಡಿದು, ತಿರುಗಿಸಿ, ಎಲ್ಲಿ ಓಲುತ್ತದೆ ಎಂದು ನೋಡಿ, ಫಿಟ್ಟರುಗಳು ಥೌ ಎನ್ನುವ ಇಂಚಿನ ಸಾವಿರದೊಂದು ಭಾಗದ ಲೆಕ್ಕದಲ್ಲಿ ತಿದ್ದಬೇಕು. ಬ್ರೇಕ್ ಡ್ರಮ್ಮು, ಬುಷ್ಷು, ಬೇರೆ ಗಾಡಿಯ ಎಂಜಿನ್ನನ್ನು ಈ ಗೇರ್‌ಬಾಕ್ಸಿಗೆ ಕೂಡಿಸುವ ತಟ್ಟೆ ಎಲ್ಲಕ್ಕೂ ಹೀಗೇ. ಪೆಟ್ರೋಲ್ ಜೀಪಿಗೆ ಮೆಟಡಾರಿನ ಡೀಸೆಲ್ ಎಂಜಿನ್ ಕೂರಿಸುವುದು ದೇಶದ ಗ್ಯಾರೇಜುಗಳಲ್ಲಿ ವಾಡಿಕೆಯೇ ಆಗಿಹೋದ ಕಾಲದಲ್ಲಿ, ಆ ಕೂಡಿಕೆಯ ತಟ್ಟೆ ಯಾವ ಕಂಪನಿಯ ಪಟ್ಟಿಯಲ್ಲೂ ಇರಲಿಲ್ಲ. ಯಾವುದೋ ಲೇತಿನ ಮೇಲೆ ಯಾರೋ ಅದನ್ನು ಮಾಡಿದ್ದರು.

ಹರಿಹರದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ಇಂಥ ಕೆಲಸಕ್ಕೆ ಹೇಳಿಮಾಡಿಸಿದಂತಿದ್ದವು. ಕಾರ್ಖಾನೆಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ ದುಡಿದು ಹಳತಾದ ಮೇಲೆ ಸೆಕೆಂಡ್‌ಹ್ಯಾಂಡ್ ಆಗಿ ಬೀದಿಬದಿಯ ಶೆಡ್ಡುಗಳಿಗೆ ಬಂದವು. ಕಾರ್ಖಾನೆಯ ಕರಾರುವಾಕ್ಕುತನ ಮನೆಯ ಹಿತ್ತಲನ್ನು ತಲುಪಿದ್ದು ಪುಸ್ತಕದ ಮೂಲಕವಲ್ಲ. ಲೇತಿನ ಹಾಸುಗಂಬಿಗಳ ನೇರದ ಮೂಲಕ. 1951ರಲ್ಲಿ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದಿತ್ತು ನಿಜ, ಇಂದಿನ ಯುಬಿಡಿಟಿ. ಗ್ಯಾರೇಜಿನಲ್ಲಿ ಚಹಾ ತರುವ ಹುಡುಗನಾಗಿ ಸೇರಿ ಪಾನಾ ಹಿಡಿದವರ ಕಲಿಕೆ ಬೇರೆಯೇ ದಾರಿ. ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಅದೇ ಕಷ್ಟ. ಹತ್ತಿ ಗಿರಣಿಗೆ ಹಾಜರಿ ಪುಸ್ತಕ ಇರುತ್ತದೆ, ಯೂನಿಯನ್ನಿನ ಕರಪತ್ರ ಇರುತ್ತದೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ದಾವಣಗೆರೆಯ ಚರಿತ್ರೆ ಬರೆಯುವುದು ಸಾಧ್ಯ. ಪಿ.ಬಿ. ರಸ್ತೆಯ ಗ್ಯಾರೇಜಿನ ಚರಿತ್ರೆಗೆ ಇರುವ ಕಾಗದ ಎಂದರೆ ಆರ್‌ಸಿ ಪುಸ್ತಕ: ಚಾಸಿಸ್ ನಂಬರು, ಎಂಜಿನ್ ನಂಬರು, ವೀಲ್‌ಬೇಸು, ಖಾಲಿ ತೂಕ, ಬಾಡಿಯ ಬಗೆ. ಮಾಡಿದವನ ಹೆಸರಿಗೆ ಅಲ್ಲಿ ಅಂಕಣವಿದೆ, ಆದರೆ ಅದು ಕಂಪನಿಗೆ ಮೀಸಲು.

ನಡುವೆ ಒಂದು ಮಾತು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ವಾಲ್‌ಚಂದ್ ಹೀರಾಚಂದರ ಜೊತೆ ಬೆಂಗಳೂರಿನಲ್ಲಿ ಕಾರು ತಯಾರಿಸುವ ಯೋಜನೆ ಹಾಕಿದ್ದರು. ಬ್ರಿಟಿಷ್ ಸರ್ಕಾರದ ಒಲವಿಲ್ಲದೆ ಅದು ಕೈಗೂಡಲಿಲ್ಲ. ವಾಲ್‌ಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ತೆರೆದರು. ಮೈಸೂರು ಸಂಸ್ಥಾನಕ್ಕೆ ಕಾರು ಬರಲಿಲ್ಲ, ಕಾರಿನ ಬಿಡಿಭಾಗ ಕಡೆಯುವ ಲೇತು ಬಂತು. ಗ್ಯಾರೇಜಿನವರ ಪಾಲಿಗೆ ಇದೇ ಲಾಭವಾಯಿತೇನೋ ಎಂದು ನನಗೆ ಅನ್ನಿಸುತ್ತದೆ.

ಇನ್ನು ಅನುಮತಿ. 1939ರ ಮೋಟಾರು ವಾಹನ ಕಾಯ್ದೆಯಲ್ಲೂ ಗಾಡಿಯನ್ನು ಬದಲಾಯಿಸಲು ನೋಂದಣಿ ಅಧಿಕಾರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕಿತ್ತು. ಅಲ್ಲಿ ಪ್ರಶ್ನೆ ಇದ್ದದ್ದು ಗಾಡಿಗೂ ಕಾಗದಕ್ಕೂ ತಾಳೆಯಾಗುತ್ತದೆಯೇ ಎಂಬುದು. 1988ರ ಕಾಯ್ದೆಯ 52ನೇ ಸೆಕ್ಷನ್ನಿಗೆ 2000ದಲ್ಲಿ ಬಂದ ತಿದ್ದುಪಡಿ ಆ ಪ್ರಶ್ನೆಯನ್ನೇ ಬದಲಿಸಿತು. ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕ ತನ್ನ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ, ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಎಂದಿತು. ಹೊಸದಾಗಿ ಗಾಡಿ ತಯಾರಿಸಿದೆ ಎನ್ನುವವನು ಮಾದರಿಯನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಯ ಪರೀಕ್ಷೆಗೆ ಒಡ್ಡಬೇಕು. ಜೀವನದಲ್ಲಿ ಒಂದೇ ಒಂದು ಪಿಕಪ್ ಕಟ್ಟುವವನಿಗೆ ಆ ಬಾಗಿಲು ಇದ್ದೂ ಇಲ್ಲದಂತೆ.

ಕಾನೂನಿನ ಅಂಜಿಕೆ ಸುಳ್ಳಲ್ಲ. ಓಲುವ ಶಾಫ್ಟಿನ ಬಗ್ಗೆ ಮೇಲೆ ಬರೆದದ್ದೇ ಅದಕ್ಕೆ ಸಾಕ್ಷಿ. ಉತ್ತರ ಭಾರತದಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನನ್ನು ಮರದ ಹಲಗೆಯ ಗಾಡಿಗೆ ಕಟ್ಟಿ ಹತ್ತಿಪ್ಪತ್ತು ಜನರನ್ನು ಕೂರಿಸಿಕೊಂಡು ಹೋಗುವ ಜುಗಾಡ್‌ಗಳೂ ಮೋಟಾರು ವಾಹನಗಳೇ, ಅವಕ್ಕೂ ನೋಂದಣಿ, ವಿಮೆ ಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ ಒಪ್ಪದಿರುವುದು ಕಷ್ಟ. ನನ್ನ ತಕರಾರು ಬೇರೆ. ಲಾರಿಯ ವಿಷಯದಲ್ಲಿ ಇದೇ ಕಾನೂನು ಗ್ಯಾರೇಜಿನವನನ್ನು ನಂಬಿತ್ತು. ಟಾಟಾ, ಲೇಲ್ಯಾಂಡ್ ಲಾರಿಗಳು ದಶಕಗಳ ಕಾಲ ಬರೀ ಚಾಸಿಸ್ಸಾಗಿ ಮಾರಾಟವಾಗಿ, ಕ್ಯಾಬಿನ್ನು, ತೊಟ್ಟಿ, ಮರದ ಹಲಗೆ, ಬಣ್ಣ ಎಲ್ಲವೂ ಹೆದ್ದಾರಿ ಬದಿಯ ಬಾಡಿ ಕಟ್ಟುವವರ ಕೈಯಲ್ಲೇ ಆದವು. ಹತ್ತು ಟನ್ ಹೊರುವ ಗಾಡಿಯ ಬಾಡಿ ಕಟ್ಟಬಹುದಾದ ಕೈಗೆ, ಅಡಿಕೆ ತೋಟದಿಂದ ಹತ್ತು ಚೀಲ ತರುವ ಗಾಡಿ ಕಟ್ಟಲು ಕಾಗದವಿಲ್ಲ. ಪರೀಕ್ಷಿಸಿ ಪಾಸು ಮಾಡುವುದಕ್ಕೂ ಪರೀಕ್ಷೆಗೇ ಕೂರಿಸದಿರುವುದಕ್ಕೂ ವ್ಯತ್ಯಾಸವಿದೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೊಂದೇ ಗಾಡಿಯನ್ನು ತಪಾಸಣೆ ಮಾಡಿ ರಸ್ತೆಗೆ ಬಿಡುವ ಕ್ರಮ ಇದೆ. ಇಲ್ಲಿ ಅಂಥದ್ದು ಯೋಚನೆಗೂ ಬಂದಂತಿಲ್ಲ. ರೈತ ಅಷ್ಟರಲ್ಲಿ ಟ್ರ್ಯಾಕ್ಟರ್ ಮತ್ತು ಟ್ರೇಲರಿನಲ್ಲಿ ತನ್ನ ದಾರಿ ಕಂಡುಕೊಂಡ. ಕೆಸರಿನ ಮಟ್ಟಿಗೆ ಅದೇ ಅವನ ಪಿಕಪ್.

ಹರಿಹರದ ಲೇತು ಕಾರ್ಖಾನೆ 2000ದ ನಂತರದ ವರ್ಷಗಳಲ್ಲಿ ಮುಚ್ಚಿತು. ಲೇತುಗಳು ಮುಚ್ಚಲಿಲ್ಲ, ಹಳೆಯ ಯಂತ್ರಗಳ ಪೇಟೆಯಲ್ಲಿ ಕಿರ್ಲೋಸ್ಕರ್ ಹೆಸರಿನವಕ್ಕೆ ಈಗಲೂ ಗಿರಾಕಿಗಳಿದ್ದಾರೆ. ಅವುಗಳ ಮೇಲೆ ಉದ್ದವಾದ ಶಾಫ್ಟುಗಳು, ಅವುಗಳಿಂದ ಓಡುವ ಗಾಡಿಗಳು ಎಲ್ಲಿವೆ ಎಂದು ಕೇಳಿದರೆ ಕಾಯ್ದೆಯ ಎರಡನೇ ಸೆಕ್ಷನ್ನು ನೋಡಬೇಕು. ಕಾರ್ಖಾನೆಯೊಳಗೆ ಅಥವಾ ಸುತ್ತುಗಟ್ಟಿದ ಇನ್ನಾವುದೇ ಆವರಣದೊಳಗೆ ಮಾತ್ರ ಬಳಸಲು ಅಳವಡಿಸಿದ ವಿಶೇಷ ಬಗೆಯ ಗಾಡಿ "ಮೋಟಾರು ವಾಹನ"ವಲ್ಲ ಎಂದು ಅಲ್ಲಿದೆ. ಬೇಲಿ ಹಾಕಿದ ಅಡಿಕೆ ತೋಟ ಆ ಮಾತಿನೊಳಗೆ ಬರುತ್ತದೆಯೇ ಎಂಬುದು ವಕೀಲರು ವಾದಿಸಬೇಕಾದ ವಿಷಯ. ಹಿತ್ತಲಲ್ಲಿ ಕಟ್ಟಿದ ಗಾಡಿ ಸದ್ಯಕ್ಕೆ ಆ ಬೇಲಿಯ ಒಳಗೆ ಗೊನೆ ಹೊರುತ್ತಿರಬಹುದು. ಬೇಲಿಯ ಆಚೆ ಇರುವುದು ಕೆಎ-17ರ ರಸ್ತೆ.