ಬಣ್ಣಗಳ ನೇರ ದಾರಿ

ಫೋರ್ಟ್‌ನ ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳಡಿ ಕಚೇರಿಗೆ ನಡೆದುಹೋಗುವವರಿಗೆ ಅಲ್ಲಿನ ಫುಟ್‌ಪಾತ್ ವ್ಯಾಪಾರ ಹೊಸದಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ನನ್ನ ತಂದೆ ದೀಪಾವಳಿಯ ಬೋನಸ್ಸಿನಿಂದ ಅಲ್ಲಿಯೇ ನನಗೊಂದು ವಿಡಿಯೋ ಗೇಮ್ ಯಂತ್ರವನ್ನು ಕೊಂಡು ತಂದರು. ಜಪಾನಿನ ಮಾರುಕಟ್ಟೆಗೆಂದು ತಯಾರಾದದ್ದು. ಟಿ.ವಿ.ಗೆ ಜೋಡಿಸಿದಾಗ ಚಿತ್ರ ಉರುಳತೊಡಗಿತು; ಹೇಗೋ ನಿಲ್ಲಿಸಿದರೆ ಬಣ್ಣವೇ ಇಲ್ಲ. ಮಾರಿದವನು ಮೋಸ ಮಾಡಿದನೆಂದು ತಂದೆ ನಂಬಿದರು. ಯಂತ್ರ ಅಟ್ಟ ಸೇರಿತು. ತಂದೆ ಆ ಫುಟ್‌ಪಾತ್ ಬಿಟ್ಟು ಎದುರು ಬದಿಯಲ್ಲಿ ನಡೆಯತೊಡಗಿದರು.

ನಿಜವಾದ ಕಾರಣ ಬೇರೆಯೇ ಇತ್ತು. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಾಗ ಭಾರತ ಸ್ವೀಕರಿಸಿದ್ದು ಪಾಲ್ ಪದ್ಧತಿಯನ್ನು: ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 50 ಬಾರಿ ಪರದೆಯ ಗೀಚು. ಜಪಾನಿನದು ಎನ್‌ಟಿಎಸ್‌ಸಿ: 525 ಗೆರೆ, 60 ಬಾರಿ. ಎರಡರಲ್ಲೂ ಕೆಂಪು, ಹಸಿರು, ನೀಲಿಗಳನ್ನು ಒಂದೇ ತಂತಿಯಲ್ಲಿ ಬೆರೆಸಿ ಕಳಿಸುತ್ತಾರೆ; ಆದರೆ ಬೆರೆಸುವ ರೀತಿ ಬೇರೆ. ಒಬ್ಬರು ಬೆರೆಸಿದ್ದನ್ನು ಇನ್ನೊಬ್ಬರ ಟಿ.ವಿ. ಬಿಡಿಸಲಾರದು. ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಇದು ಅನುವಾದದ ಸಮಸ್ಯೆಯಾಗಿಯೇ ಕಾಣುತ್ತದೆ.

ಆರ್ಕೇಡ್ ಮಾನಿಟರ್‌ಗೆ ಈ ಅನುವಾದ ಬೇಕಿಲ್ಲ. ನಾಣ್ಯ ಹಾಕಿ ಆಡುವ ಯಂತ್ರಗಳೊಳಗಿನ ಆ ಪರದೆಗೆ ಚಾನೆಲ್ ಹಿಡಿಯುವ ಭಾಗವೂ ಇಲ್ಲ, ಬಣ್ಣ ಬಿಡಿಸುವ ಭಾಗವೂ ಇಲ್ಲ. ಮೂರು ಬಣ್ಣಗಳು ಮೂರು ತಂತಿಗಳಲ್ಲಿ ನೇರವಾಗಿ ಬರುತ್ತವೆ. ಚಿತ್ರವನ್ನು ನಿಲ್ಲಿಸುವ ಸಿಂಕ್ ಸಂಕೇತ ಬೇರೆಯಾಗಿ ಬರುತ್ತದೆ. ಸೆಕೆಂಡಿಗೆ ಸುಮಾರು 15,700 ಗೆರೆ ಎಳೆಯುವ ಅದರ ವೇಗ ಮಾತ್ರ ಮನೆಯ ಟಿ.ವಿ.ಯದಕ್ಕೆ ಬಹಳ ಹತ್ತಿರ.

ಮನೆಯ ಯಂತ್ರವೂ ಆರ್ಕೇಡ್ ಯಂತ್ರವೂ ದೂರದ ನೆಂಟರಲ್ಲ. ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಲಿ ಕಂಪ್ಯೂಟರನ್ನೇ ಆಧರಿಸಿ 1984ರಲ್ಲಿ ವಿಎಸ್ ಸಿಸ್ಟಮ್, 1986ರಲ್ಲಿ ಪ್ಲೇಚಾಯ್ಸ್-10 ಎಂಬ ಆರ್ಕೇಡ್ ಯಂತ್ರಗಳನ್ನು ಮಾಡಿತು. ಮುಖ್ಯ ವ್ಯತ್ಯಾಸ ಚಿತ್ರ ರಚಿಸುವ ಚಿಪ್‌ನಲ್ಲಿತ್ತು: ಮನೆಯದು ಬಣ್ಣಗಳನ್ನು ಬೆರೆಸಿಯೇ ಹೊರಬಿಡುತ್ತಿತ್ತು, ಆರ್ಕೇಡಿನದು ಬಿಡಿಬಿಡಿಯಾಗಿ. ಮುಂದೆ ಹವ್ಯಾಸಿಗಳು ಪ್ಲೇಚಾಯ್ಸ್‌ನ ಚಿಪ್ ಕಿತ್ತು ಮನೆಯ ಯಂತ್ರದಲ್ಲಿ ಕೂರಿಸಿದ್ದು ಈ ಕಾರಣಕ್ಕೇ. 1988ರಲ್ಲಿ ಬಂದ ಸೆಗಾದ ಮೆಗಾ ಡ್ರೈವ್‌ಗೆ ಆ ಕಷ್ಟವಿರಲಿಲ್ಲ. ಅದರ ಹಿಂಬದಿಯ ಎಂಟು ಪಿನ್ನಿನ ಸಾಕೆಟ್‌ನಲ್ಲಿ ಮೂರು ಬಣ್ಣಗಳೂ ಬೇರೆಬೇರೆಯಾಗಿ ಸಿಗುತ್ತಿದ್ದವು.

ಅಟ್ಟದಿಂದ ಇಳಿಸಿದ ನಮ್ಮ ಯಂತ್ರದಲ್ಲೂ ಅಂಥದೇ ಸಾಕೆಟ್ ಇತ್ತು. ಎಲೆಕ್ಟ್ರಾನಿಕ್ಸ್ ಬಲ್ಲ ಗೆಳೆಯರೊಬ್ಬರು ಗುಜರಿಗೆ ಹೋಗಲಿದ್ದ ಆರ್ಕೇಡ್ ಮಾನಿಟರ್ ಒಂದನ್ನು ಹುಡುಕಿ ತಂದರು. ಮನೆಯ ಯಂತ್ರ ಪ್ರತಿ ಬಣ್ಣಕ್ಕೆ ಕೊಡುವುದು ಸುಮಾರು 0.7 ವೋಲ್ಟ್, ಇಂಥ ಹಲವು ಮಾನಿಟರ್‌ಗಳು ಕೇಳುವುದು ಅದರ ಕೆಲವು ಪಟ್ಟು. ಆದ್ದರಿಂದ ನಡುವೆ ಪುಟ್ಟ ಆಂಪ್ಲಿಫೈಯರ್ ಬೇಕಾಯಿತು. ಅಂಥ ಮಾನಿಟರ್‌ನ ಚಾಸಿಯಲ್ಲೇ ವಿದ್ಯುತ್ ಹರಿಯುವ ಅಪಾಯವಿರುವುದರಿಂದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅವರು ಸ್ವಿಚ್ ಮುಟ್ಟಲಿಲ್ಲ. ಧ್ವನಿಗೆ ಬೇರೆ ಸ್ಪೀಕರ್.

ಪರದೆಯ ಮೇಲೆ ನೀಲಿ ಆಕಾಶ ಮೂಡಿತು, ಅಲುಗದೆ ನಿಂತಿತು. ತಂದೆ ಕುರ್ಚಿ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಹಾಗಾದರೆ ಆ ಮನುಷ್ಯ ಮೋಸ ಮಾಡಿರಲಿಲ್ಲವೇನೋ?”

“ಇಲ್ಲ ಅಪ್ಪ” ಎಂದೆ. ಮೂವತ್ತು ವರ್ಷಗಳ ಹಿಂದೆ ಎದುರು ಬದಿಗೆ ದಾಟಿದ ಅವರಿಗೆ, ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಮಾತಿರಲಿಲ್ಲ.