ಎಪ್ಪತ್ತೆರಡರ ಬರ ಮತ್ತು ಮಕ್ಕಳ ತಾಟು

ಜತ್ತ, ಅಕ್ಕಲಕೋಟ, ಸೊಲ್ಲಾಪುರ ಕಡೆಯ ಹಿರಿಯರಿಗೆ "ಎಪ್ಪತ್ತೆರಡರ ಬರ" ಎಂದರೆ ಸಾಕು, ಬೇರೆ ವಿವರಣೆ ಬೇಕಿಲ್ಲ. 1970ರಿಂದಲೇ ಮಹಾರಾಷ್ಟ್ರದಲ್ಲಿ ಮಳೆ ಕೈಕೊಡುತ್ತ ಬಂದು, 1972ರಲ್ಲಿ ಬರ ತೀವ್ರವಾಯಿತು. ಜೋಳ ಹೋಯಿತು, ಜೊತೆಗೆ ಹೊಲದ ಕೂಲಿಯೂ ಹೋಯಿತು. ಕಣಿಕೆ ಇಲ್ಲದೆ ದನಗಳು ಹೋದವು, ಮಕ್ಕಳ ಹಾಲೂ ಹೋಯಿತು.

ಸರ್ಕಾರ ಬರಗಾಲದ ಕಾಮಗಾರಿ ತೆರೆಯಿತು. 1973ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಸುಮಾರು 50 ಲಕ್ಷ ಜನ ಖಡಿ ಒಡೆಯುವ, ಕೆರೆ ತೋಡುವ, ರಸ್ತೆ ಹಾಕುವ ಕೆಲಸದಲ್ಲಿದ್ದರು. ಅವರಲ್ಲಿ ಹೆಣ್ಣುಮಕ್ಕಳು ಬಹಳ. ಪರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿಯೇ ಊಟ. ಕಾಮಗಾರಿಯ ಮೇಲೆ ಸುಕಡಿ ಎಂಬ ಪೌಷ್ಟಿಕ ತಿನಿಸನ್ನೂ ಹಂಚಿದರು.

ಕಷ್ಟ ಮನೆಗೆಲ್ಲ ಒಂದೇ, ಆದರೆ ಪಾಲು ಒಂದೇ ಅಲ್ಲ. ನಮ್ಮ ಮನೆಗಳ ರೂಢಿ ನಮಗೆ ಗೊತ್ತೇ ಇದೆ. ಮೊದಲು ಗಂಡಸರು, ನಂತರ ಗಂಡುಮಕ್ಕಳು, ಬುಟ್ಟಿಯ ತಳದಲ್ಲಿ ಉಳಿದದ್ದು ತಾಯಿ ಮತ್ತು ಮಗಳಿಗೆ. ಸುಗ್ಗಿಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಬರದಲ್ಲಿ ಬೀಳುತ್ತದೆ. ತಾಯಿ ಖಡಿ ಒಡೆಯಲು ಹೋದರೆ ಕೂಸು ಹೊರುವವಳೂ ಮಗಳೇ. ಅಮರ್ತ್ಯ ಸೇನ್ ಮತ್ತು ಸುನಿಲ್ ಸೇನ್‌ಗುಪ್ತ ಪಶ್ಚಿಮ ಬಂಗಾಳದ ಎರಡು ಹಳ್ಳಿಗಳ ಮಕ್ಕಳನ್ನು ತೂಗಿ, ಪೋಷಣೆಯಲ್ಲಿ ಹುಡುಗಿಯರು ಹಿಂದಿರುವುದನ್ನು 1983ರಲ್ಲಿ ತೋರಿಸಿದರು. ಊರು ದೂರದ್ದು, ರೂಢಿ ನಮ್ಮದೇ.

ಆದ್ದರಿಂದ ಅನ್ನ ಮಗುವಿಗೆ ಎಲ್ಲಿ ಸಿಗುತ್ತದೆ ಎಂಬುದು ದೊಡ್ಡ ಪ್ರಶ್ನೆ. 1995ರ ಆಗಸ್ಟ್ 15ರಂದು ಶಾಲಾ ಊಟದ ರಾಷ್ಟ್ರೀಯ ಯೋಜನೆ ಆರಂಭವಾದಾಗ ಅನೇಕ ರಾಜ್ಯಗಳಲ್ಲಿ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಟ್ಟು ಕಳಿಸುತ್ತಿದ್ದರು. ಅದು ಮನೆಯ ಗಡಿಗೆ ಸೇರಿ, ಮತ್ತೆ ಹಳೆಯ ರೂಢಿಯಂತೆಯೇ ಹಂಚಿಕೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಮಗುವಿಗೆ ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನ್. ಈ ಲೆಕ್ಕದಲ್ಲಿ ಹುಡುಗ, ಹುಡುಗಿ ಎಂಬ ಭೇದವಿಲ್ಲ.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಧಾನ್ಯ ಮತ್ತೆ ಮನೆಗೆ ಹೋಯಿತು. ಕೂಲಿಯೂ ನಿಂತಿದ್ದ ಆ ದಿನಗಳಲ್ಲಿ ಯಾರ ತಾಟಿಗೆ ಎಷ್ಟು ಬಿತ್ತೋ, ಯಾವ ರಜಿಸ್ಟರಿನಲ್ಲೂ ಬರೆಯುವಂತಿರಲಿಲ್ಲ.

ಶಾಲೆಯ ಪಂಕ್ತಿಯಲ್ಲಿ ಹುಡುಗಿ ಹುಡುಗನ ಪಕ್ಕದಲ್ಲೇ ಕೂತು, ಅದೇ ಹೊತ್ತಿಗೆ, ಅದೇ ಸೌಟಿನ ಖಿಚಡಿ ಉಣ್ಣುತ್ತಾಳೆ. ಪಾಲಕರಲ್ಲಿ ನಾವು ಕೇಳುವುದಿಷ್ಟೇ: ರಾತ್ರಿ ಊಟಕ್ಕೂ ಮಕ್ಕಳನ್ನು ಹಾಗೆಯೇ ಒಟ್ಟಿಗೆ ಕೂಡಿಸಿ.